ಕೌಂಟನ ಪಿಸುಮಾತು

ದೆವ್ವದ ಕಾದಂಬರಿಯ ನಿಜವಾದ ರುಚಿ ಸಿಗುವುದು ಹೆದರಿಕೆ ಸವೆದ ಮೇಲೆ. ಮೊದಲ ಓದಿನಲ್ಲಿ ಬಾಗಿಲು ಕಿರ್ರೆಂದರೂ ಎದೆ ಝಲ್ಲೆನ್ನುತ್ತದೆ, ಪುಟಗಳು ತಾವಾಗಿ ಓಡುತ್ತವೆ. ನಾಲ್ಕಾರು ಬೇಸಿಗೆ ಕಳೆದು ಮತ್ತೆ ಕೈಗೆತ್ತಿಕೊಂಡರೆ ಹಲ್ಲು, ಉಗುರು, ಬಾವಲಿಗಳೆಲ್ಲ ಹಳೆಯ ನೆಂಟರಂತೆ ಸುಮ್ಮನೆ ಒಂದು ಕಡೆ ಕೂತಿರುತ್ತವೆ. ಆಗ, ಮೊದಲು ಕಣ್ಣಿಗೇ ಬೀಳದಿದ್ದ ಯಾವುದೋ ಸಣ್ಣ ಮಾತು ಮೇಲೆದ್ದು ನಿದ್ದೆ ಕೆಡಿಸುತ್ತದೆ.

ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (1897) ಕಾದಂಬರಿಯ ಮೂರನೆಯ ಅಧ್ಯಾಯದಲ್ಲಿ ನನಗೆ ಅಂಥದೊಂದು ಮಾತು ಗಂಟುಬಿದ್ದಿದೆ. ಟ್ರಾನ್ಸಿಲ್ವೇನಿಯಾದ ಕೋಟೆಯಲ್ಲಿ ಮಲಗಬಾರದ ಕೋಣೆಯೊಂದರಲ್ಲಿ ಮಲಗಿದ ಯುವ ವಕೀಲ ಹಾರ್ಕರನ ಸುತ್ತ ಮೂವರು ಹೆಂಗಸರು ಬಂದು ನಿಲ್ಲುತ್ತಾರೆ. ಹೊಂಬಣ್ಣದ ಕೂದಲಿನವಳು ಅವನ ಕೊರಳಿಗೆ ಬಾಗುವಷ್ಟರಲ್ಲಿ ಕೋಟೆಯ ಒಡೆಯ ಕೌಂಟ್ ಡ್ರಾಕುಲಾ ಬಂದು ಅವಳನ್ನು ಎತ್ತಿ ಒಗೆಯುತ್ತಾನೆ. ಇವನು ನನ್ನವನು ಎಂದು ಗುಡುಗುತ್ತಾನೆ. ನೀನು ಯಾರನ್ನೂ ಪ್ರೀತಿಸಿದವನಲ್ಲ ಎಂದು ಅವಳು ನಗುತ್ತಾಳೆ. ಆಗ ಅವನು ಹಾರ್ಕರನ ಮುಖವನ್ನೇ ದಿಟ್ಟಿಸುತ್ತ, ದನಿ ತಗ್ಗಿಸಿ, ತನಗೂ ಪ್ರೀತಿಸಲು ಬರುತ್ತದೆ, ಹಿಂದೆ ನಡೆದದ್ದಕ್ಕೆ ನೀವೇ ಸಾಕ್ಷಿ ಎನ್ನುತ್ತಾನೆ.

ಸಾಕ್ಷಿಗೆ ಕರೆದದ್ದು ಆ ಹೆಂಗಸರನ್ನು, ಕಣ್ಣು ನೆಟ್ಟದ್ದು ಈ ಹುಡುಗನ ಮೇಲೆ. ಹಾಗಾದರೆ ಅವನು ಮಾತಾಡುತ್ತಿರುವುದು ಯಾರ ಮೇಲಿನ ಪ್ರೀತಿಯ ಬಗ್ಗೆ?

ರಾಕ್ಷಸ ಸುಳ್ಳು ಹೇಳಿದ ಎಂದು ಪುಟ ಮಗುಚಿಬಿಡುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಸುಳ್ಳಾಗಿದ್ದರೆ ಹಂಗಿಸಿದ ಆ ನಾಲಿಗೆಯೇ ಮತ್ತೊಮ್ಮೆ ಚುಚ್ಚಬೇಕಿತ್ತು. ಮೂವರಲ್ಲಿ ಒಬ್ಬಳೂ ಅಲ್ಲಗಳೆಯುವುದಿಲ್ಲ. ಬದಲಿಗೆ ಒಬ್ಬಳು ಅವನು ತಂದ ಚೀಲದ ಕಡೆ ಕೈ ತೋರಿಸಿ, ಈ ರಾತ್ರಿ ನಮಗೇನೂ ಇಲ್ಲವೇ ಎಂದು ಕೇಳುತ್ತಾಳೆ. ಚೀಲದೊಳಗೆ ಏನೋ ಮಿಸುಕುತ್ತದೆ, ಮಗುವಿನದೆನ್ನುವಂಥ ನರಳಿಕೆ ಕೇಳುತ್ತದೆ. ಹಾರ್ಕರ್ ಮೂರ್ಛೆ ಹೋಗುತ್ತಾನೆ. ಒಂದು ಕಾಲಕ್ಕೆ ಕೌಂಟನ ಒಲವು ಪಡೆದವಳ ಬಾಯಲ್ಲಿ ಈಗ ಉಳಿದಿರುವುದು ಇವತ್ತಿನ ಊಟದ ಪ್ರಶ್ನೆ ಮಾತ್ರ. ಅವನು ಪ್ರೀತಿಸಿದ್ದು ನಿಜ, ಪ್ರೀತಿಸಿದವರನ್ನು ಹೀಗೆ ಮಾಡಿಟ್ಟದ್ದೂ ನಿಜ. ಇದಕ್ಕೆ ನಾನು ಉಣ್ಣೊಲವು ಎಂದು ಹೆಸರಿಟ್ಟುಕೊಂಡಿದ್ದೇನೆ.

ಸ್ಟೋಕರ್ ಈ ಕಾದಂಬರಿಗಾಗಿ ಬರೆದ ಟಿಪ್ಪಣಿಗಳು ಈಗ ಫಿಲಡೆಲ್ಫಿಯಾದ ರೋಸೆನ್‌ಬ್ಯಾಕ್ ಸಂಗ್ರಹದಲ್ಲಿವೆ. 1890ರ ಟಿಪ್ಪಣಿಯಲ್ಲೇ ಇವನು ನನ್ನವನು ಎಂಬ ಹಕ್ಕಿನ ಮಾತು ಬಂದುಬಿಟ್ಟಿದೆ. ಕಥೆಯಲ್ಲಿ ಎಷ್ಟೋ ಬದಲಾದರೂ ಏಳು ವರ್ಷ ಅವನು ಅದನ್ನು ಕೈಬಿಡಲಿಲ್ಲ. ಅಚ್ಚಾದ ಪುಟದಲ್ಲಿ ಆ ಹಕ್ಕಿನ ಬೆನ್ನಿಗೇ ಪ್ರೀತಿ ಬಂದು ಕೂತಿದೆ.

ನಮ್ಮ ಕುರೆಕುಪ್ಪದ ಮಾಳಿಗೆಯ ಮೇಲೆ ಕೂತು ಇದನ್ನೆಲ್ಲ ನೆನೆಯುವಾಗ ಮನಸ್ಸು ಟ್ರಾನ್ಸಿಲ್ವೇನಿಯಾದಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕುಲುಮೆಗಳಿಂದ ಆಕಾಶದ ಅಂಚು ಕೆಂಪಗಿರುತ್ತದೆ, ಅದಿರಿನ ಕೆಂಧೂಳು ಬೆರಳಿಗೂ ಪುಟಕ್ಕೂ ಮೆತ್ತಿಕೊಳ್ಳುತ್ತದೆ. ನಮ್ಮ ಸಂಡೂರು ತಾಲ್ಲೂಕಿನದೇ ಕುಮಾರಸ್ವಾಮಿ ಬೆಟ್ಟದ ಸ್ಥಳಪುರಾಣ ನೆನಪಾಗುತ್ತದೆ. ಅಣ್ಣತಮ್ಮಂದಿರ ಪಂದ್ಯದಲ್ಲಿ ಸೋತ ಕುಮಾರ ಮುನಿದು, ಕುಡಿದ ಮೊಲೆಹಾಲನ್ನೇ ಕಕ್ಕಿ ತಾಯಿಗೆ ಹಿಂತಿರುಗಿಸಿ ಬೆಟ್ಟ ಸೇರಿದನಂತೆ. ಎಂಥ ಕಠೋರ ಮುನಿಸು! ಆದರೂ ಅಲ್ಲಿ ಕೊಟ್ಟದ್ದನ್ನು ಹಿಂದಕ್ಕೆ ಕೊಡುವ ಸ್ವಾತಂತ್ರ್ಯ ಇತ್ತು. ಕೌಂಟ್ ಹಾರ್ಕರನ ಹೆಂಡತಿ ಮೀನಾಳ ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದು ರಕ್ತ ಕುಡಿಸುತ್ತಾನಲ್ಲ, ಅವಳಿಗೆ ಕಕ್ಕುವ ದಾರಿಯಿಲ್ಲ. ಅವನ ಅಪ್ಪುಗೆಯಲ್ಲಿ ಬಾಗಿಲು ಒಳಕ್ಕೆ ಮಾತ್ರ ತೆರೆಯುತ್ತದೆ.

ಆ ಬಾಗಿಲನ್ನೂ ಮೊದಲ ಸಲ ಮನೆಯವರೇ ತೆರೆಯಬೇಕು. ಕರೆಯದೆ ರಕ್ತಪಿಪಾಸು ಹೊಸಿಲು ದಾಟಲಾರ ಎಂದು ಕೌಂಟನ ಬೇಟೆಗೆ ಹೊರಟ ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಹೇಳುತ್ತಾನೆ. ತೊಂಬತ್ತರ ದಶಕದಲ್ಲಿ ಕನ್ನಡನಾಡಿನ ಊರೂರ ಬಾಗಿಲುಗಳ ಮೇಲೆ, ರಾತ್ರಿ ಬಂದು ಕರೆಯುವ ದೆವ್ವಕ್ಕೆಂದು ‘ನಾಳೆ ಬಾ’ ಎಂದು ಬರೆದದ್ದು ಇಂಥದೇ ತಿಳಿವಳಿಕೆಯಿಂದ. ಆ ದೆವ್ವ ಕರೆಯುತ್ತಿದ್ದದ್ದು ಅಪರಿಚಿತ ದನಿಯಲ್ಲಲ್ಲ, ಅವ್ವನ ದನಿಯಲ್ಲಿ, ಹೆಂಡತಿಯ ದನಿಯಲ್ಲಿ. ರಾತ್ರಿ ಒಂದೇ ಕರೆಗೆ ಓ ಎನ್ನಬೇಡ ಎಂದು ಹಿರಿಯರು ಹೇಳುವುದು ಪ್ರೀತಿ ಬೇಡವೆಂದಲ್ಲ, ದನಿಯನ್ನು ಇನ್ನೊಮ್ಮೆ ಕೇಳಿ ನೋಡು ಎಂದು.

ಮುಂದೆ ಮೀನಾಳೇ ಕೌಂಟನ ಮೇಲೆ ಕರುಣೆ ಇರಲಿ ಎಂದು ಬೇಡುತ್ತಾಳೆ. ಒತ್ತಿ ಕುಡಿಸಿಕೊಂಡವಳೇ ಹಾಗೆ ಬೇಡಿದ್ದನ್ನು ಓದಿ ನನ್ನ ಮನಸ್ಸೂ ಅವನ ಕಡೆ ಕೊಂಚ ವಾಲಿದ್ದುಂಟು. ಆದರೆ ಹೊಂಬಣ್ಣದ ಕೂದಲಿನವಳನ್ನು ನೆನೆದ ಕೂಡಲೇ ಅದು ಹಿಂದಕ್ಕೆ ಸರಿಯುತ್ತದೆ. ಕೊನೆಯಲ್ಲಿ ಗೂಟ ಹಿಡಿದು ಬಂದ ಮುದುಕ ವ್ಯಾನ್ ಹೆಲ್ಸಿಂಗನ ಕೈಯೂ ಅವಳ ಚೆಲುವಿನ ಮುಂದೆ ತಡವರಿಸುತ್ತದೆ. ಅವಳು ಯಾವ ಊರಿನವಳು, ಯಾರ ಮಗಳು, ಯಾವ ರಾತ್ರಿ ಯಾವ ದನಿಗೆ ಓಗೊಟ್ಟು ಅಗುಳಿ ತೆಗೆದಳು ಎಂಬುದನ್ನು ಸ್ಟೋಕರ್ ಬರೆಯಲೇ ಇಲ್ಲ. ನನಗೆ ಓದಬೇಕೆನಿಸುವುದು ಆ ಕಾದಂಬರಿ.