ಆಟ ಮುಗಿದ ಮೇಲೆ

ಬೆಂಗಳೂರಿನ ಫುಟ್‌ಬಾಲ್ ಆಟಗಾರ ಕಾರ್ಲ್ಟನ್ ಚಾಪ್ಮನ್ 2020ರ ಅಕ್ಟೋಬರ್ 12ರಂದು ತೀರಿಕೊಂಡರು. ವಯಸ್ಸು ಬರೀ 49. ಭಾರತ ತಂಡದ ನಾಯಕರಾಗಿದ್ದವರು. ಹಲವರು ನೆನೆದದ್ದು 1993ರಲ್ಲಿ ಈಸ್ಟ್ ಬೆಂಗಾಲ್ ಪರವಾಗಿ ಇರಾಕಿನ ಅಲ್ ಜವ್ರಾ ವಿರುದ್ಧ ಅವರು ಹೊಡೆದ ಹ್ಯಾಟ್ರಿಕ್ಕನ್ನು. ನಿಜಕ್ಕಾದರೆ ಅವರು ಮಿಡ್‌ಫೀಲ್ಡರ್. ಗೋಲಿಗಿಂತ ಚೆಂಡು ಕಸಿದು ಇನ್ನೊಬ್ಬರಿಗೆ ದಾಟಿಸುವುದೇ ಕೆಲಸ. 2001ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು. ಆಮೇಲೆ ತಾವು ಕಲಿತಿದ್ದ ಟಾಟಾ ಅಕಾಡೆಮಿಯಲ್ಲೇ ಹುಡುಗರಿಗೆ ಕಲಿಸಿದರು.

ಕಾರ್ಗಲ್ಲಿನ ಮಳೆಯಲ್ಲಿ, ಕೆಸರಿನಲ್ಲಿ ನಾವು ಚೆಂಡು ಒದ್ದದ್ದು ಹೇಳಿಕೊಡುವವರಿಲ್ಲದೆ. ಹಾಗಾಗಿ ಅವರ ಈ ಎರಡನೇ ಬದುಕೇ ನನಗೆ ದೊಡ್ಡದು. ನನ್ನ ಫೆಲೋಶಿಪ್ ಮುಗಿದಿದೆ, ಪಿಎಚ್‌ಡಿ ಮುಗಿದಿಲ್ಲ. ಅತಿಥಿ ಉಪನ್ಯಾಸಕನಾಗಿ ಪಾಠ ಮಾಡುತ್ತಿದ್ದೇನೆ. ಊರಿಗೆ ಹೋದಾಗಲೆಲ್ಲ ಅಪ್ಪ, ‘ಕೆಲಸ ಯಾವಾಗನಾ?’ ಅನ್ನುತ್ತಾರೆ. ಈ ಸಲ ಹೇಳಬೇಕು: ‘ಮಾಡ್ತಾ ಇದೀನಲ್ಲಪ್ಪ.’