ಕರಡಿ ಕಡೆಯ ರೈಲು ಗೇಟು

ತಿಪಟೂರಿಗೂ ಕರಡಿ ಸ್ಟೇಷನ್ನಿಗೂ ನಡುವೆ ಒಂದು ಕಡೆ ನಮ್ಮೂರ ಗಾಡಿದಾರಿ ರೈಲುಹಳಿಯನ್ನು ದಾಟುತ್ತಿತ್ತು. 1970ರ ಆಸುಪಾಸಿನ ಮಾತು. ಬೆಂಗಳೂರು–ಹುಬ್ಬಳ್ಳಿ ದಾರಿ ಆಗ ಇಡೀ ಮೀಟರ್ ಗೇಜು. ಗೇಟು ಅಂದರೆ ಈಗಿನಂತೆ ಮೇಲಿಂದ ಇಳಿಯುವ ಕಂಬವಲ್ಲ. ಬಿಳಿ ಬಣ್ಣ ಬಳಿದ ಎರಡು ಕಬ್ಬಿಣದ ಪಡಿ, ನಡುವೆ ಕೆಂಪು ತಗಡಿನ ದುಂಡು ಬಿಲ್ಲೆ. ಕೀಲಿನ ಮೇಲೆ ತಿರುಗಿ ಬಂದು ರಸ್ತೆಗೆ ಅಡ್ಡ ನಿಲ್ಲುತ್ತಿದ್ದವು. ಈಗಿನ ಮಕ್ಕಳಿಗೆ ಇದು ವಿಚಿತ್ರ ಅನ್ನಿಸೀತು: ನಮ್ಮ ಗೇಟು ಸದಾ ಮುಚ್ಚಿಯೇ ಇರುತ್ತಿತ್ತು. ರೈಲು ಬರಲಿ ಬಿಡಲಿ, ದಾಟಬೇಕಾದವರು ಕೂಗಿ ತೆಗೆಸಿಕೊಳ್ಳಬೇಕು. ಕೊಬ್ಬರಿ ಹರಾಜಿಗೆ ಹೊರಟ ಗಾಡಿಗಳು ಕೋಳಿ ಕೂಗುವ ಹೊತ್ತಿಗೇ ಬಂದು ನಿಂತು, "ಗೇಟಣ್ಣೋ, ಗೇಟು ತೆಗ್ಯಣ್ಣೋ" ಎಂದು ಕೂಗಿದ್ದು ನಮ್ಮ ಜಗಲಿಗೆ ಕೇಳಿಸುತ್ತಿತ್ತು.

ಗೇಟಣ್ಣನ ಸಂಜೆ ಶುರುವಾಗುತ್ತಿದ್ದದ್ದು ದೀಪಗಳಿಂದ. ಗೇಟಿನ ಪಡಿಗಳ ಮೇಲೆ ಕೂರಿಸುವ ಕೆಂಪು ಗಾಜಿನ ದೀಪಗಳು, ಕೈಯಲ್ಲಿ ಹಿಡಿಯುವ ಸಿಗ್ನಲ್ ಲಾಟೀನು. ಎಲ್ಲಕ್ಕೂ ಸೀಮೆಎಣ್ಣೆ ಹೊಯ್ದು, ಬತ್ತಿಯ ಕರಿ ಕತ್ತರಿಸಿ, ಒಲೆಯ ಬೂದಿಯಲ್ಲಿ ಗಾಜು ತಿಕ್ಕಬೇಕು. ಲಾಟೀನಿನ ತಲೆ ತಿರುವಿದರೆ ಒಳಗಿನ ಗಾಜು ಬದಲಾಗಿ ಬೆಳಕು ಕೆಂಪಾಗುತ್ತಿತ್ತು, ಹಸಿರಾಗುತ್ತಿತ್ತು. ಅದನ್ನು ಒಂದು ಸಲ ತಿರುವಲು ಸಿಗಲಿ ಅಂತ ನಾನು ಅವರ ಮನೆಗೆ ಮಜ್ಜಿಗೆ ಚೊಂಬು ಹೊತ್ತು ಹೋಗುತ್ತಿದ್ದೆ. ಸೀಮೆಎಣ್ಣೆ, ಬಿಸಿಲಿಗೆ ಕಾದ ಮರದ ಸ್ಲೀಪರುಗಳ ಟಾರು, ಒಲೆಯ ಮೇಲಿನ ಉಪ್ಪೆಸರು, ಮೂರೂ ಕಲೆತ ವಾಸನೆ ಆ ಗುಮಟಿಯಂಥ ಮನೆಯ ಸುತ್ತ ಸದಾ ಇರುತ್ತಿತ್ತು.

ರೈಲು ಬರುವುದನ್ನು ಗೇಟಣ್ಣ ಕಿವಿಯಿಂದ ತಿಳಿಯುತ್ತಿದ್ದ. ಹಳಿಗೆ ಕಿವಿ ಕೊಟ್ಟು ಅಂತ ನಾವು ಹುಡುಗರು ನಂಬಿದ್ದೆವು. ನಿಜದ ಸಂಗತಿ ಬೇರೆ. ಹಳಿಯ ಪಕ್ಕದಲ್ಲಿ ಸಣ್ಣ ರಾಟೆಗಳ ಮೇಲೆ ಒಂದು ತಂತಿ ಹಾದು ಹೋಗಿತ್ತು. ಸ್ಟೇಷನ್ನಿನಲ್ಲಿ ಲಿವರ್ ಎಳೆದರೆ ತಂತಿ ಕಿರ್ರೆಂದು ಸರಿದು, ದೂರದ ಕೈಮರದ ತೋಳು ಬೀಳುತ್ತಿತ್ತು. ಊಟದ ನಡುವೆ ಆ ಕಿರುಗುಡುವಿಕೆ ಕೇಳಿದರೆ ಸಾಕು, ಮುದ್ದೆ ಬಿಟ್ಟು ಏಳುತ್ತಿದ್ದ.

ಆಮೇಲೆ ಗೋಡೆಗೆ ಹಿಡಿ ತಿರುಗಿಸುವ ಫೋನು ಬಂತು. ಅದು ಸ್ಟೇಷನ್ನಿಗೆ ಮಾತ್ರ ಹೋಗುತ್ತಿತ್ತು. ಮಾಸ್ಟರು ರೈಲಿನ ಸುದ್ದಿ ಹೇಳಿದ ಮೇಲೆ ಗೇಟಣ್ಣ ಗೇಟು ಮುಚ್ಚಿ, ಬೀಗ ಹಾಕಿ, ತನ್ನ ಹಾಳೆಯಲ್ಲಿದ್ದ ಒಂದು ಪ್ರೈವೇಟ್ ನಂಬರು ಹೇಳಬೇಕು. ಆ ನಂಬರು ಬರೆದುಕೊಳ್ಳದೆ ಮಾಸ್ಟರು ರೈಲು ಬಿಡುವಂತಿಲ್ಲ. ಒಮ್ಮೆ ಹೇಳಿದ ನಂಬರಿಗೆ ಅಲ್ಲೇ ಗೀಟು. ಗೇಟು ಮುಚ್ಚಿದೆ ಅನ್ನುವುದಕ್ಕೆ ಮೈಲಿ ದೂರದ ಮಾಸ್ಟರಿಗೆ ಇದ್ದ ಖಾತರಿ ಅಷ್ಟೇ. ಮೂರನೇ ಕ್ಲಾಸು ಓದಿದ ಒಬ್ಬನ ಮಾತಿನ ಮೇಲೆ ನೂರಾರು ಜನರ ರೈಲು ಹೋಗುತ್ತಿತ್ತು, ಆ ಮಾತು ಅವನು ಎಂದೂ ಹುಸಿ ಮಾಡಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ತೆಂಗಿನಕಾಯಿ ಹೇರಿದ್ದ ಗಾಡಿಯ ಕಡಾಣಿ ಕಳಚಿ, ಚಕ್ರ ಹಳಿಗಳ ನಡುವೆಯೇ ಮಲಗಿತು. ಎಲ್ಲರೂ ಗಾಡಿಯತ್ತ ಓಡಿದರೆ ಗೇಟಣ್ಣ ಗಾಡಿ ಮುಟ್ಟಲೇ ಇಲ್ಲ. "ಎತ್ತು ಬಿಚ್ಚಿ ಮೊದ್ಲು" ಎಂದು ಕೂಗಿ, ಹೆಂಡತಿಯ ಕೈಗೊಂದು ಕೆಂಪು ಬಾವುಟ ಕೊಟ್ಟು, ಇನ್ನೊಂದು ಬಾವುಟವನ್ನೂ ತಗಡಿನ ಡಬ್ಬಿಯನ್ನೂ ಹಿಡಿದು ರೈಲು ಬರುವ ದಿಕ್ಕಿಗೆ ಓಡಿದ. ಡಬ್ಬಿಯಲ್ಲಿದ್ದದ್ದು ಡೆಟೊನೇಟರು, ನಾವು ಅನ್ನುತ್ತಿದ್ದದ್ದು ರೈಲು ಪಟಾಕಿ. ಹಳಿಯ ಮೇಲಿಟ್ಟು ಪಟ್ಟಿ ಮಡಚಿದರೆ ಕಚ್ಚಿಕೊಳ್ಳುತ್ತದೆ, ಚಕ್ರ ಹತ್ತಿದೊಡನೆ ಸಿಡಿದು ಡ್ರೈವರನನ್ನು ಎಚ್ಚರಿಸುತ್ತದೆ. ಮೀಟರ್ ಗೇಜಿನ ಲೆಕ್ಕದಲ್ಲಿ 400 ಮೀಟರಿಗೆ ಒಂದು, 800 ಮೀಟರಿಗೆ ಹತ್ತತ್ತು ಮೀಟರ್ ಬಿಟ್ಟು ಮೂರು. ಸಿಡಿತ ಕೇಳುವ ಆಸೆಗೆ ನಾವು ಹುಡುಗರು ಅವನ ಹಿಂದೆಯೇ ಓಡಿದ್ದೆವು. ಮೂರು ಸಲ ಢಂ ಎಂದಿತು. ಪ್ಯಾಸೆಂಜರು ಉಸ್ಸೆನ್ನುತ್ತ ಕೆಂಪು ಬಾವುಟದ ಮುಂದೆ ನಿಂತಿತು. ಪ್ರಯಾಣಿಕರೇ ಇಳಿದು ನಡೆದು ಬಂದು ಗಾಡಿಗೆ ಹೆಗಲು ಕೊಟ್ಟರು. ನಾವು ಊರಿಗೆ ಹೋಗಿ ಪಟಾಕಿಯ ಸದ್ದನ್ನೇ ವಾರವಿಡೀ ವರ್ಣಿಸಿದೆವು. ಅವನು ಉರಿಬಿಸಿಲಲ್ಲಿ ಬರಿಗಾಲಲ್ಲಿ ಜಲ್ಲಿಕಲ್ಲಿನ ಮೇಲೆ ಓಡಿದ್ದನ್ನು ಯಾರೂ ಹೇಳಲಿಲ್ಲ.

ನಾನು ಕಾಲೇಜು ಮುಗಿಸುವ ಹೊತ್ತಿಗೆ ಪಡಿಗಳು ಹೋಗಿ ಎತ್ತುವ ಕಂಬಗಳು ಬಂದವು. ಹಿಡಿ ತಿರುಗಿಸಿದರೆ ಉಕ್ಕಿನ ಹಗ್ಗ ಸುತ್ತಿಕೊಂಡು ಎರಡೂ ಕಡೆಯ ಕಂಬ ಒಟ್ಟಿಗೆ ಇಳಿಯುತ್ತಿದ್ದವು. ಈಗ ಗೇಟು ತೆರೆದಿರುವುದೇ ರೂಢಿಯಾಗಿ, ಮುಚ್ಚಿದಾಗ ಜನ ಸೇರತೊಡಗಿದರು. ಬಸ್ಸಿನ ಕಿಟಕಿಗೆ ಕುಕ್ಕೆ ಎತ್ತಿ ಹಿಡಿದು ಸೀಬೆಹಣ್ಣು ನಾಲ್ಕಾಣೆಗೆ ಮೂರು ಅಂತ ಮಾರುತ್ತಿದ್ದರು. ಉಪ್ಪುಖಾರ ಹಚ್ಚಿದ ಸೌತೆಕಾಯಿಗೆ ಹತ್ತು ಪೈಸೆ.

ಜನರ ಕಣ್ಣಿಗೆ ಬೀಳದ ದೊಡ್ಡ ಬದಲಾವಣೆಯೆಂದರೆ ಇಂಟರ್‌ಲಾಕಿಂಗ್. ಗೇಟಿಗೂ ಸಿಗ್ನಲ್ಲಿಗೂ ಬೀಗದಿಂದ ಗಂಟು ಹಾಕಿದರು: ಕಂಬ ಇಳಿದು ಬೀಗ ಬೀಳದ ಹೊರತು ರೈಲಿಗೆ ದಾರಿಯೇ ಸಿಗದು. ಗೇಟು ತೆರೆದಿದ್ದರೆ ಈಗ ರೈಲೇ ಕಾಯಬೇಕು. ಹಳದಿ ಬಿಲ್ಲೆಯ ಮೇಲೆ ‘ಜಿ’ ಎಂದು ಬರೆದ ಸಿಗ್ನಲ್ ಕೆಂಪಿದ್ದರೆ ಡ್ರೈವರು ಹಗಲು ಒಂದು ನಿಮಿಷ, ರಾತ್ರಿ ಎರಡು ನಿಮಿಷ ನಿಂತು, ಆಮೇಲೆ ಮೆಲ್ಲಗೆ ಗೇಟಿನ ತನಕ ಬರಬೇಕು. ಗೇಟಣ್ಣನಂಥವನು ಎಲ್ಲ ಗೇಟಿಗೂ ಸಿಗುವುದಿಲ್ಲ, ಸಿಕ್ಕರೂ ಅವನಿಗೂ ಒಂದು ರಾತ್ರಿ ಜ್ವರ ಬರುತ್ತದೆ. ಬೀಗ ಬಂದದ್ದು ಸರಿ.

ಕಾವಲೇ ಇಲ್ಲದ ಗೇಟುಗಳೂ ಇದ್ದವು. ನಮ್ಮ ಚಿಕ್ಕಮ್ಮನ ಊರಿನಲ್ಲಿ ಗೇಟೂ ಇಲ್ಲ, ದೀಪವೂ ಇಲ್ಲ. ರಸ್ತೆಯವರಿಗೊಂದು ‘ನಿಲ್ಲಿ’ ಹಲಗೆ, ಡ್ರೈವರನಿಗೆ ಸೀಟಿ ಊದಲು ಹೇಳುವ ಇನ್ನೊಂದು ಹಲಗೆ. ಬಸ್ಸು ನಿಲ್ಲಿಸಿ ಕಂಡಕ್ಟರು ಇಳಿದು, ಎರಡೂ ಕಡೆ ನೋಡಿ, ‘ರೈಟ್’ ಅನ್ನುತ್ತಿದ್ದ. ಅದು ಅವನ ಔದಾರ್ಯವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 131ನೇ ಕಲಮು ಹೇಳುವುದೇ ಅದನ್ನು. ಟ್ರ್ಯಾಕ್ಟರಿಗೆ ಕಂಡಕ್ಟರು ಇರುವುದಿಲ್ಲ. ಮದುವೆ ದಿಬ್ಬಣ, ಶಾಲೆಯ ವ್ಯಾನು, ಎಷ್ಟು ಸಾವಿನ ಸುದ್ದಿ ಪತ್ರಿಕೆಯಲ್ಲಿ ಓದಿದ್ದೇವೆ. 2019ರ ಜನವರಿ ಮುಗಿಯುವ ಹೊತ್ತಿಗೆ ದೇಶದ ಬ್ರಾಡ್ ಗೇಜ್ ದಾರಿಗಳಲ್ಲಿ ಅಂಥ ಗೇಟು ಒಂದೂ ಉಳಿಯಲಿಲ್ಲ. ನನಗೆ ಇಷ್ಟು ಸಂತೋಷ ಕೊಟ್ಟ ಸರ್ಕಾರಿ ಸುದ್ದಿ ಕಡಿಮೆ.

ನಮ್ಮ ದಾರಿ ಬ್ರಾಡ್ ಗೇಜ್ ಆದದ್ದು ತೊಂಬತ್ತರ ದಶಕದಲ್ಲಿ. ರೈಲು ಹೆಚ್ಚಿ ಕಾಯುವಿಕೆಯೂ ಹೆಚ್ಚಿತು. ಒಮ್ಮೆ ಹೊಂಗೆ ಮರದ ಕೆಳಗೆ ಒಬ್ಬ ಹುಡುಗ ಪುಸ್ತಕ ಹಿಡಿದು ಕೂತು ದಾಟುವ ಗಾಡಿಗಳನ್ನು ಎಣಿಸುತ್ತಿದ್ದ. ಹೀಗೆ ಏಳು ದಿನ ಎಣಿಸಿ ತೆಗೆದ ದಿನದ ವಾಹನ ಲೆಕ್ಕವನ್ನು ರೈಲುಗಳ ಲೆಕ್ಕದಿಂದ ಗುಣಿಸುತ್ತಾರೆ. ಲಕ್ಷ ದಾಟಿದರೆ ಆ ಗೇಟಿಗೆ ಮೇಲ್ಸೇತುವೆಯ ಯೋಗ. ಲಾರಿ ಒಂದು, ಎತ್ತಿನ ಗಾಡಿಯೂ ಒಂದು, ಆಟೋ ಅರ್ಧ ಎಂದ. ಎತ್ತಿನ ಗಾಡಿಯನ್ನು ಲಾರಿಯ ಸಮಕ್ಕೆ ಹಿಡಿದ ಲೆಕ್ಕ ಕೇಳಿ ನನಗೆ ಬಹಳ ಹಿತವಾಯಿತು.

ಕೊನೆಯ ವರ್ಷಗಳಲ್ಲಿ ಗೇಟು ನೋಡಿಕೊಂಡದ್ದು ಒಬ್ಬ ಹೆಣ್ಣುಮಗಳು. ಗುಂಡಿ ಒತ್ತಿದರೆ ಹೂಟರು ಕೂಗಿ ಕಂಬ ಇಳಿಯುತ್ತಿತ್ತು. ವಿದ್ಯುತ್ ತಂತಿ ಬಂದ ಮೇಲೆ ರಸ್ತೆಗೆ 4.67 ಮೀಟರ್ ಎತ್ತರದ ಅಡ್ಡಪಟ್ಟಿಯೂ ಬಂತು. ಹುಲ್ಲಿನ ಲಾರಿಗಳು ಮೆದೆ ತಗ್ಗಿಸಿ ಹೇರಬೇಕಾಯಿತು. "ಪಟಾಕಿ ಡಬ್ಬಿ ಇದೆಯೇನಮ್ಮಾ?" ಎಂದು ಕೇಳಿದೆ. "ಇದೆ ಅಜ್ಜ, ಬಾವುಟಾನೂ ಇದೆ. ಅವನ್ನ ಬಿಟ್ಟು ಡ್ಯೂಟಿ ಮಾಡೋ ಹಾಗಿಲ್ಲ" ಅಂದಳು.

ಈಗ ಗೇಟು ಮುಚ್ಚಿ ಕೆಳಸೇತುವೆ ಮಾಡಿದ್ದಾರೆ. ಅದಕ್ಕೆ ಮುಂಚೆ ಊರಲ್ಲಿ ಸಭೆ ನಡೆದಾಗ ಗೇಟು ಉಳಿಸಿ ಎಂದವರೇ ಹೆಚ್ಚು. ನಾನು ಸೇತುವೆಯ ಪರ ಮಾತಾಡಿದೆ, ಚರಂಡಿಯನ್ನು ಮೊದಲು ತೋಡಿ ಅಂತಲೂ ಕೇಳಿದೆ. ಮೊದಲ ಎರಡು ಮಳೆಗಾಲ ಮೊಣಕಾಲುದ್ದ ನೀರು ನಿಂತಿತು. ಆಮೇಲೆ ಪಂಪು ಕೂರಿಸಿದರು, ಈ ವರ್ಷ ಹಾಲಿನ ವ್ಯಾನು ಒಂದು ದಿನವೂ ತಪ್ಪಿಲ್ಲ.