ಸೀಸೆಯ ಸಸಿಗೆ ತೊಗರಿಯ ಆಸರೆ

ಹುಬ್ಬಳ್ಳಿಯಿಂದ ಮುಂಡಗೋಡಕ್ಕೆ ಬಂದವರಿಗೆ ಟಿಬೆಟನ್ ಕಾಲೊನಿ ಹತ್ತಿರವಾದದ್ದು ಗೊತ್ತಾಗುವುದು ಗಾಳಿಗೆ ಪಟಪಟಿಸುವ ಬಣ್ಣಬಣ್ಣದ ಪ್ರಾರ್ಥನಾ ಪತಾಕೆಗಳಿಂದ. 1966ರಲ್ಲಿ ನಿರಾಶ್ರಿತರಿಗಾಗಿ ಕಾಡು ಕಡಿದು ಕಟ್ಟಿದ ಊರಿದು. ಸಂಖ್ಯೆಗಳಿಂದಲೇ ಗುರುತಿಸುವ ಕ್ಯಾಂಪುಗಳು, ಗೋವಿನಜೋಳದ ಹೊಲಗಳು, ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು.

ಮಠದ ಮಂದಿರದೊಳಗೆ ಕಾಲಿಟ್ಟರೆ ಮೊದಲು ಮೂಗಿಗೆ ತಾಕುವುದು ಧೂಪ. ಟಿಬೆಟನ್ನರ ಧೂಪದಲ್ಲೂ ಔಷಧಿಯಲ್ಲೂ ಗಂಧಕ್ಕೆ ಹಳೆಯ ಸ್ಥಾನವಿದೆ. ಅವರ ಮಾತಿನಲ್ಲಿ ಅದು ‘ತ್ಸೆಂದೆನ್’, ನಮ್ಮ ‘ಚಂದನ’ವೇ! ಗಂಧ ಬೆಳೆಯದ ಹಿಮನಾಡಿಗೆ ಗಂಧದೊಂದಿಗೆ ಹೆಸರೂ ಹೋಗಿತ್ತು. ಶತಮಾನಗಳ ಮೇಲೆ ಆ ಜನ ಗಂಧದ ನಾಡಿಗೇ ಬಂದು ನೆಲೆಸಿದ್ದು ವಿಚಿತ್ರವಲ್ಲವೇ?

ಗಂಧದ ನಾಡಿನಲ್ಲಾದರೂ ಗಂಧದ ಮರಗಳೆಷ್ಟು ಉಳಿದಿವೆ? ಕಳ್ಳರ ಕೊಡಲಿ ಒಂದೆಡೆ, 1899ರಲ್ಲಿ ಕೊಡಗಿನಲ್ಲಿ ಕಾಣಿಸಿಕೊಂಡ ಸ್ಪೈಕ್ ರೋಗ ಇನ್ನೊಂದೆಡೆ. ಹಿತ್ತಿಲಲ್ಲಿ ಹುಟ್ಟಿದ ಮರವೂ ಸರ್ಕಾರದ ಸೊತ್ತಾಗಿದ್ದರಿಂದ ರೈತರು ಅದರ ಗೊಡವೆಗೇ ಹೋಗುತ್ತಿರಲಿಲ್ಲ. 2001ರ ಕಾನೂನು ತಿದ್ದುಪಡಿಯಿಂದ ಮರ ನೆಲದೊಡೆಯನದಾಯಿತು. ಸಸಿಗೆ ಬೇಡಿಕೆ ಬಂತು.

ಬೀಜದಿಂದ ಎದ್ದ ಸಸಿಗಳು ಒಂದೇ ತೆರನಾಗಿರುವುದಿಲ್ಲ. ತಾಯಿಮರದ ಚೇಗು ಎಷ್ಟೇ ಘಮಘಮಿಸಲಿ, ಮರಿಯಲ್ಲಿ ಅದೇ ಗುಣ ಬಂದೀತೆಂಬ ಭರವಸೆಯಿಲ್ಲ. ಒಳ್ಳೆಯ ಮರದ ತದ್ರೂಪನ್ನೇ ಪಡೆಯುವ ದಾರಿ ಅಂಗಾಂಶ ಕೃಷಿ, ಅಂದರೆ ಟಿಷ್ಯೂ ಕಲ್ಚರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಲಕ್ಷ್ಮೀಸೀತಾ ಮತ್ತು ಸಂಗಡಿಗರು ಗಂಧದ ಕುಡಿಯ ತುಣುಕಿನಿಂದ ಸಸಿ ಪಡೆದ ವರದಿ 1979ರಲ್ಲೇ ಪ್ರಕಟವಾಯಿತು. ಸಕ್ಕರೆ, ಲವಣ, ಚೋದಕಗಳಿರುವ ಗಾಜಿನ ಸೀಸೆಯಲ್ಲಿ ತುಣುಕು ಮೊದಲು ಆಕಾರವಿಲ್ಲದ ಮುದ್ದೆಯಾಗುತ್ತದೆ. ಮುದ್ದೆಯಲ್ಲಿ ಬೀಜದೊಳಗಿನ ಭ್ರೂಣದಂಥ ಕಣಗಳು ಮೂಡಿ, ಸಸಿಯಾಗುತ್ತವೆ.

ಬಾಳೆಯಾದರೆ ಇಷ್ಟಕ್ಕೆ ಅರ್ಧ ಕೆಲಸ ಮುಗಿದಂತೆ. ಗಂಧ ಹಾಗಲ್ಲ. ಎಲೆಯಲ್ಲಿ ಆಹಾರ ತಯಾರಿಸಿಕೊಂಡರೂ, ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಅಂಟಿಸಿ ನೀರು, ಲವಣ ಹೀರುವ ಅರೆ ಪರಾವಲಂಬಿ ಅದು. ಸೀಸೆಯಲ್ಲಿ ಒಂಟಿಯಾಗಿ ಬೆಳೆದದ್ದು ಮಣ್ಣಿಗಿಳಿದ ಮೇಲೆ ಆಸರೆ ಬೇಡುತ್ತದೆ. ಅದಕ್ಕೇ ಸಸಿಯ ಚೀಲದಲ್ಲೇ ತೊಗರಿ ಬಿತ್ತುವುದು. ಮುಂದೆ ಹೊಲದಲ್ಲಿ ಹೊಂಗೆಯೋ ಸರ್ವೆಯೋ ಜೊತೆಗಿರಬೇಕು. ದುಬಾರಿ ಸಸಿ ತಂದು ತೊಗರಿಯನ್ನು ಕಳೆಯೆಂದು ಕಿತ್ತರೆ ಮುಗಿಯಿತು!

ತದ್ರೂಪು ಸಸಿಗೆ ರೋಗ ಬಾರದೆಂದೇನೂ ಅಲ್ಲ. ಚೇಗು ಬಲಿಯಲು ಹದಿನೈದು–ಇಪ್ಪತ್ತು ವರ್ಷವಾದರೂ ಬೇಕು. ಮುಂಡಗೋಡದ ಹೊಲದ ಬದುವಿನಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ಇಂದು ಗಂಧ ನೆಟ್ಟರೆ, ಅದನ್ನು ಕಡಿಯುವ ಹೊತ್ತಿಗೆ ಅವನ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ.